ಬಲಗೈಯ ಗೆಣ್ಣು

ಪೆಟ್ಟು ಎಲ್ಲಿ ಬೀಳುತ್ತದೆ, ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಕೊನೆಗೆ ಎಲ್ಲಿ ನೋಯುತ್ತದೆ ಎಂದು ಕಂಡುಹಿಡಿಯುವುದೇ ನಮ್ಮ ಮನೆಯ ಕಸುಬು. ಮಣ್ಣಿನ ಟ್ರ್ಯಾಕಿನಲ್ಲಿ ಓಡುವ ರೇಸ್ ಬೈಕು ದಿಬ್ಬದಿಂದ ಹಾರಿ ನೆಲಕ್ಕಪ್ಪಳಿಸಿದಾಗ, ಮುಂದಿನ ಚಕ್ರ ತಿಂದ ಪೆಟ್ಟು ಆ ಚಕ್ರವನ್ನು ಹಿಡಿದಿರುವ ಫೋರ್ಕಿನ ಎರಡು ಕಾಲುಗಳನ್ನು ಹತ್ತಿಕೊಂಡು ಹ್ಯಾಂಡಲ್ಲಿಗೆ ಬರುತ್ತದೆ, ಅಲ್ಲಿಂದ ಸವಾರನ ಮಣಿಕಟ್ಟಿಗೆ, ಮುಂಗೈಗೆ, ಹೆಗಲಿಗೆ. ಫೋರ್ಕಿನೊಳಗಿನ ಸ್ಪ್ರಿಂಗು, ಎಣ್ಣೆ ಎಷ್ಟೇ ನುಂಗಿದರೂ ಒಂದಿಷ್ಟು ಉಳಿದೇ ಉಳಿಯುತ್ತದೆ. ಆ ಉಳಿದದ್ದನ್ನು ನುಂಗುವ ಸಾಮಾನು ನಮ್ಮದು. ಹ್ಯಾಂಡಲ್ಲನ್ನು ಹಿಡಿದಿಡುವ ಕ್ಲ್ಯಾಂಪಿನ ಕೆಳಗೆ ಕೂರುವ ರಬ್ಬರ್ ಬುಷ್ಷು ಒಂದು. ಹ್ಯಾಂಡಲ್ಲು ಒಮ್ಮೆಲೇ ಅತ್ತಿತ್ತ ಹೊಡೆದುಕೊಳ್ಳದಂತೆ ತಡೆಯುವ, ಎಣ್ಣೆ ತುಂಬಿದ ಪುಟ್ಟ ಡಬ್ಬಿ ಇನ್ನೊಂದು. ಅದಕ್ಕೆ ಡ್ಯಾಂಪರ್ ಎನ್ನುತ್ತಾರೆ. ರಬ್ಬರು ಎರಕ ಹೊಯ್ಯುವವಳು ನಾನು, ಡಬ್ಬಿಯನ್ನು ಲೇತಿನಲ್ಲಿ ಕಡೆಯುವವನು ಅಪ್ಪ. ಷೆಡ್ಡಿನ ಮೂಲೆಯಲ್ಲಿ ಮೋಟಾರಿಗೆ ಕಟ್ಟಿದ ಒಂದು ಸುತ್ತಿಗೆಯಿದೆ. ನಮ್ಮ ಸಾಮಾನು ಎಷ್ಟು ತಾಳುತ್ತದೆ ಎಂದು ನೋಡಲು ಅದು ಹ್ಯಾಂಡಲ್ಲಿಗೆ ದಿನವಿಡೀ ಗುದ್ದುತ್ತದೆ. ಅದಕ್ಕೆ ಗುದ್ದಪ್ಪ ಎಂದು ಹೆಸರಿಟ್ಟವಳು ನನ್ನ ತಂಗಿ.

ಆ ತಂಗಿಯನ್ನು ಮದುವೆಯಾದವನೇ ನಮ್ಮ ಸವಾರ. ಟ್ರ್ಯಾಕಿನವರೆಲ್ಲ ಅವನನ್ನು ಗೂಳಿ ಎಂದೇ ಕರೆಯುತ್ತಿದ್ದರು. ಕೋಪ ಅವನಿಗೆ ಮೂಗಿನ ತುದಿಯಲ್ಲೇ. ತಿರುವಿನಲ್ಲಿ ಒಳಗೆ ನುಗ್ಗಿದವನೊಬ್ಬನ ಕುತ್ತಿಗೆಗೆ ಮೊಣಕೈ ಹಾಕಿ ಬೇಲಿಗೆ ಎಸೆದಿದ್ದ. ತಪ್ಪು ಬಾವುಟ ತೋರಿಸಿದ ಎಂದು ಬಾವುಟದವನ ಮೂಗು ಮುರಿದಿದ್ದ. ಆಗೆಲ್ಲ ನಾವು ನಕ್ಕಿದ್ದೆವು. "ನಮ್ಮ ಗೂಳಿ ಹಾಯೋದೇ ಹಂಗೆ" ಎಂದು ಅಪ್ಪ ಎದೆಯುಬ್ಬಿಸಿಕೊಂಡು ಓಡಾಡಿದ್ದ. ಅವನು ಗೆದ್ದಾಗ ಜನ ಬಂದು ಅವನ ಹ್ಯಾಂಡಲ್ಲನ್ನು ಬಗ್ಗಿ ಬಗ್ಗಿ ನೋಡುತ್ತಿದ್ದರು, ಅದೇ ಸಾಮಾನು ತಮಗೂ ಬೇಕು ಎನ್ನುತ್ತಿದ್ದರು. ಅಂಥ ಅಳಿಯನನ್ನು ತಲೆಯ ಮೇಲೆ ಹೊತ್ತು ಮೆರೆಸದೆ ಇನ್ನೇನು ಮಾಡುತ್ತೇವೆ?

ನಮ್ಮಲ್ಲಿ ಒಂದು ರೂಢಿ. ರೇಸು ಮುಗಿದ ಕೂಡಲೇ, ನೀರು ಕುಡಿಯುವ ಮುಂಚೆಯೇ, ಸವಾರ ಗ್ಲೌಸು ಕಿತ್ತು ಎರಡೂ ಕೈಯನ್ನು ಅಪ್ಪನ ಮುಂದೆ ಚಾಚಬೇಕು. ಬೊಬ್ಬೆ ಎಲ್ಲಿ ಎದ್ದಿದೆ, ಮುಂಗೈ ಎಷ್ಟು ಬಿಗಿದಿದೆ, ಬೆರಳು ಪೂರ್ತಿ ಮಡಚುತ್ತವೆಯೇ ಎಂದು ಹಿಚುಕಿ ನೋಡಿ ಅಪ್ಪ ರಬ್ಬರು ಗೊತ್ತುಮಾಡುತ್ತಿದ್ದ. ಕಪ್ಪು ಗಟ್ಟಿ, ಕೆಂಪು ನಡುವಿನದು, ಹಳದಿ ಮೆತ್ತನೆಯದು. ಡಾಕ್ಟರಾದರೂ ಕಣ್ಣು, ನಾಲಿಗೆ ಎಲ್ಲ ನೋಡುತ್ತಾರೆ. ನಾವು ಕೈ ಬಿಟ್ಟು ಮತ್ತೇನನ್ನೂ ನೋಡುವವರಲ್ಲ. ಈ ವರ್ಷ ಗೂಳಿಯ ಗೆಣ್ಣುಗಳು ಊದತೊಡಗಿದವು. ಅಪ್ಪ ಕಪ್ಪು ತೆಗೆದು ಕೆಂಪು ಹಾಕಿದ. ಊತ ಇಳಿಯಲಿಲ್ಲ. ಕೆಂಪು ತೆಗೆದು ಹಳದಿ ಹಾಕಿದ. ಇನ್ನೂ ಊದಿತು. ಕೊನೆಗೆ ಹಳದಿಗಿಂತಲೂ ಮೆತ್ತನೆಯದನ್ನು ನಾನೇ ಹೊಯ್ದುಕೊಟ್ಟೆ. ರಬ್ಬರು ಅಷ್ಟು ಮೆತ್ತಗಾದರೆ ಹ್ಯಾಂಡಲ್ಲು ತೂಗಾಡುತ್ತದೆ, ಮುಂದಿನ ಚಕ್ರ ಏನು ಮಾಡುತ್ತಿದೆ ಎಂಬುದು ಕೈಗೆ ತಿಳಿಯುವುದಿಲ್ಲ. ಅದು ನಮಗೆ ಗೊತ್ತಿತ್ತು. ಆದರೆ ಕೈ ಊದಿದೆಯಲ್ಲ, ಏನು ಮಾಡುವುದು ಎಂದು ಅಪ್ಪ ತಲೆ ಕೆರೆದುಕೊಳ್ಳುತ್ತಿದ್ದ. ಗೂಳಿ ಒಂದಾದ ಮೇಲೊಂದು ರೇಸು ಸೋಲುತ್ತ ಹೋದ.

ಅವತ್ತು ಉರಿಬಿಸಿಲು. ಬೆಳಗಿನ ರೇಸು ಮುಗಿದಿತ್ತು, ಮಧ್ಯಾಹ್ನದ ಕೊನೆಯ ರೇಸು ಬಾಕಿಯಿತ್ತು. ಗೂಳಿ ಬೈಕನ್ನು ಟೆಂಟಿನೊಳಗೆ ನೂಕಿದವನೇ ಹೆಲ್ಮೆಟ್ಟು ಕಿತ್ತು ಟೂಲ್ ಪೆಟ್ಟಿಗೆಯ ಮೇಲೆ ಬೀಸಿ ಎಸೆದ. ಸ್ಪ್ಯಾನರುಗಳೆಲ್ಲ ನೆಲದ ತುಂಬ ಚೆಲ್ಲಾಪಿಲ್ಲಿಯಾದವು.

"ಏನ್ ಮಾವ ಇದು? ಹ್ಯಾಂಡಲ್ಲಾ, ಒದ್ದೆ ಬಟ್ಟೇನಾ? ಎಡಕ್ಕೆ ತಿರುಗ್ಸಿದ್ರೆ ಯಾವಾಗ್ಲೋ ಮನಸ್ಸು ಬಂದಾಗ ತಿರುಗತ್ತೆ! ನಿನ್ನೆ ಮೊನ್ನೆ ಬಂದ ಪಿಳ್ಳೆಗಳೆಲ್ಲ ನನ್ನ ದಾಟ್ಕೊಂಡು ಹೋದ್ರು."

"ಮೊದ್ಲು ಕೈ ತೋರ್ಸಪ್ಪ" ಎಂದ ಅಪ್ಪ.

ಅಪ್ಪನ ಕನ್ನಡಕಕ್ಕೆ ಧೂಳು ಮೆತ್ತಿತ್ತು. ಅವನು ಅದನ್ನು ಒರೆಸಿಕೊಳ್ಳುವಷ್ಟರಲ್ಲಿ ಗೂಳಿಯ ಕೈಗಳನ್ನು ನಾನೇ ಹಿಡಿದು ನೋಡಿದೆ. ಬಲಗೈಯ ಗೆಣ್ಣುಗಳು ಬಾತುಕೊಂಡಿದ್ದವು, ಚರ್ಮ ಸುಲಿದು ಹಸಿಗಾಯವಾಗಿತ್ತು. ಎಡಗೈಯ ಗೆಣ್ಣುಗಳಿಗೆ ಏನೂ ಆಗಿರಲಿಲ್ಲ. ಎರಡೂ ಕೈ ಹಿಡಿಯುವುದು ಒಂದೇ ಹ್ಯಾಂಡಲ್ಲನ್ನು, ಕೆಳಗೆ ಇರುವುದೂ ಒಂದೇ ಜೊತೆ ರಬ್ಬರು. ಹ್ಯಾಂಡಲ್ಲಿನ ನಡುಕಕ್ಕೆ ಎಡ ಬಲ ಎಂಬ ಪಕ್ಷಪಾತವಿಲ್ಲ. ಅದೂ ಅಲ್ಲದೆ ನಡುಕ ಹತ್ತುವುದು ಅಂಗೈಗೆ, ಅದಕ್ಕೆ ಗೆಣ್ಣಿನ ಬೆನ್ನ ಮೇಲೆ ಏನು ಕೆಲಸ? ಗ್ಲೌಸನ್ನು ತಿರುಗಿಸಿ ನೋಡಿದೆ, ಬೆನ್ನಿನ ಕಡೆ ಒಂದು ಗೀರೂ ಇರಲಿಲ್ಲ. ಎರಡು ಗೆಣ್ಣುಗಳ ನಡುವೆ ಮಾತ್ರ ಸಣ್ಣದೊಂದು ಕಮಾನಿನಂಥ ಗಾಯವಿತ್ತು. ಅದು ಹಲ್ಲಿನ ಗುರುತು.

ನಾನು ತಲೆಯೆತ್ತಿದೆ. ಬೈಕಿನ ಆಚೆ ಬದಿಯಲ್ಲಿ ತಂಗಿ ಟ್ಯಾಂಕಿಗೆ ಪೆಟ್ರೋಲು ಹಾಕುತ್ತಿದ್ದಳು. ಆ ಸೆಖೆಯಲ್ಲೂ ತುಂಬುತೋಳಿನ ಅಂಗಿ, ತಲೆಗೆ ಬಿಗಿಯಾಗಿ ಕಟ್ಟಿದ ಸ್ಕಾರ್ಫು. ನಾನು ಅವನ ಕೈ ಹಿಡಿದು ಅವಳನ್ನು ನೋಡುತ್ತಿರುವುದು ಅವಳ ಕಣ್ಣಿಗೆ ಬಿತ್ತು. ಪೆಟ್ರೋಲು ತುಂಬಿ ಟ್ಯಾಂಕಿನ ಮೇಲೆಲ್ಲ ಹರಿಯಿತು. "ಕಣ್ಣು ಎಲ್ಲಿಟ್ಕೊಂಡಿದೀಯ?" ಎಂದು ಗೂಳಿ ಗದರಿದ. ಅವಳು ಬೆಚ್ಚಿ ಮೊಣಕೈಯನ್ನು ಮುಖಕ್ಕೆ ಅಡ್ಡ ಹಿಡಿದಳು.

ಅವನು ನೀರಿನ ಡ್ರಮ್ಮಿನ ಕಡೆ ಹೋದ ಮೇಲೆ ಅವಳ ತೋಳು ಹಿಡಿದು ವ್ಯಾನಿನ ಹಿಂದಕ್ಕೆ ಎಳೆದುಕೊಂಡು ಹೋದೆ. "ಅಯ್ಯೋ, ನಿಧಾನ" ಎಂದಳು. ಸ್ಕಾರ್ಫು ಬಿಚ್ಚಿದೆ. ಬಲಗೈಯವನ ಏಟು ಎದುರಿಗೆ ನಿಂತವರ ಎಡಕ್ಕೆ ಬೀಳುತ್ತದೆ. ಎಡಗಿವಿ ಊದಿ ಮುಚ್ಚಿಹೋಗಿತ್ತು. ಎಡ ದವಡೆ ಹಸಿರುಗಟ್ಟಿತ್ತು, ಒಳಗೊಂದು ಹಲ್ಲು ಅಲ್ಲಾಡುತ್ತಿತ್ತು. ಅಂಗಿ ಎತ್ತಿ ನೋಡಿದರೆ ಪಕ್ಕೆಲುಬಿನ ಮೇಲೆ ಹಳೆಯದು, ಹೊಸದು ಒಂದರ ಮೇಲೊಂದು.

"ಯಾವಾಗಿಂದ?"

"ಸೋತಾಗ ಮಾತ್ರ ಅಕ್ಕಾ" ಎಂದಳು. "ಗೆದ್ರೆ ಏನೂ ಇಲ್ಲ. ಗೆದ್ದಾಗ ಚೆನ್ನಾಗೇ ಇರ್ತಾರೆ. ಈ ವರ್ಷ ಹ್ಯಾಂಡಲ್ ಸರಿ ಹೋಗ್ತಿಲ್ಲ ಅಂತಾರೆ. ನಿಮ್ಮಪ್ಪ ನಿಮ್ಮಕ್ಕ ಸೇರ್ಕೊಂಡು ನನ್ನ ಮುಳುಗಿಸ್ತಿದಾರೆ ಅಂತ…"

"ಹೇಳೋಕೆ ಏನಾಗಿತ್ತೇ ನಿಂಗೆ? ಬಾಯಿಗೆ ಬೀಗ ಹಾಕ್ಕೊಂಡಿದ್ಯಾ?"

"ಹೇಳಿದ್ರೆ ನೀನು ಸುಮ್ನಿರ್ತಿದ್ಯಾ?"

ಅದೇನೋ ನಿಜ. ಆದರೆ ಆ ಹೊತ್ತಿಗೆ ನನಗೆ ಹೊಳೆದದ್ದು ಬೇರೆ. ಅವನು ಹೊಡೆದ, ಗೆಣ್ಣು ಊದಿತು. ಗೆಣ್ಣು ಊದಿದ್ದಕ್ಕೆ ನಾವು ರಬ್ಬರು ಮೆತ್ತಗೆ ಮಾಡಿದೆವು. ರಬ್ಬರು ಮೆತ್ತಗಾಗಿದ್ದಕ್ಕೆ ಅವನು ಸೋತ. ಸೋತಿದ್ದಕ್ಕೆ ಮತ್ತೆ ಹೊಡೆದ. ಅಪ್ಪನೂ ನಾನೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಅವನ ಕೈ ನೋಡಿದ್ದೇ ನೋಡಿದ್ದು, ಅದು ಎಲ್ಲಿ ಬಿದ್ದು ಊದಿತು ಎಂದು ಒಮ್ಮೆಯೂ ಕೇಳಲಿಲ್ಲ.

ಟೆಂಟಿಗೆ ಬಂದು ಅಪ್ಪನಿಗೆ ಹೇಳಿದೆ. ಅಪ್ಪ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದ. ಆಮೇಲೆ ಮೆಲ್ಲಗೆ, "ಕೊನೇ ರೇಸ್ ಒಂದು ಮುಗೀಲಿ. ಮನೆಗೆ ಹೋಗಿ ಕೂತು ಮಾತಾಡೋಣ" ಎಂದ.

"ಮುಗಿಯೋ ಹೊತ್ತಿಗೆ ಸೋತಿರ್ತಾನೆ ಅಪ್ಪಾ. ಸೋತ್ಮೇಲೆ ಅವಳನ್ನ ಮನೆಗೆ ಕರ್ಕೊಂಡು ಹೋಗ್ತಾನೆ. ಅಲ್ಲಿ ಏನ್ ನಡಿಯತ್ತೆ ಅಂತ ಈಗ ತಾನೇ ಹೇಳ್ದೆ."

"ಎಲ್ಲರ ಎದುರಿಗೆ ಮರ್ಯಾದೆ…"

"ಅವಳ ಕಿವಿ ಹೋಗಿದೆ, ನಿಂಗೆ ಮರ್ಯಾದೆ!"

ನನ್ನ ಮೈ ಉರಿದುಹೋಯಿತು. ಸ್ಪ್ಯಾನರು ಎತ್ತಿಕೊಂಡು ಬೈಕಿನ ಮುಂದೆ ನಿಂತು, ನಾಲ್ಕು ಜನ ನೋಡುವಂತೆಯೇ ನಮ್ಮ ಸಾಮಾನು ಬಿಚ್ಚತೊಡಗಿದೆ. ಕದ್ದು ಏನೂ ಮಾಡಲಿಲ್ಲ. ಮೊದಲು ಡ್ಯಾಂಪರಿನ ಡಬ್ಬಿ ಕಳಚಿದೆ, ಆಮೇಲೆ ಕ್ಲ್ಯಾಂಪು, ಆಮೇಲೆ ನಾನೇ ಹೊಯ್ದ ಆ ಮೆತ್ತನೆಯ ರಬ್ಬರು. ಹ್ಯಾಂಡಲ್ಲು ಫೋರ್ಕಿನ ಮುಂದೆ ವಯರುಗಳಲ್ಲಿ ಜೋತುಬಿತ್ತು.

"ಅತ್ತಿಗೆ, ಏನ್ ಮಾಡ್ತಿದೀರಾ?" ಗೂಳಿ ಹಿಂದೆ ಬಂದು ನಿಂತಿದ್ದ.

"ನನ್ನ ಸಾಮಾನು ನಾನು ತಗೋತಿದೀನಿ. ನನ್ನ ತಂಗೀನೂ ತಗೊಂಡು ಹೋಗ್ತಿದೀನಿ. ನಿನ್ನ ಕೈ ಯಾಕೆ ಊದಿದೆ ಅಂತ ಈಗ ಗೊತ್ತಾಯ್ತು."

ಅವನ ಮುಖದಲ್ಲಿ ನಾಚಿಕೆ ಬರಬಹುದು ಎಂದು ಒಂದು ಕ್ಷಣ ಕಾದೆ. ಎಂಥ ಹುಚ್ಚು ನನ್ನದು! "ಮುಚ್ಕೊಂಡು ವಾಪಸ್ ಹಾಕು" ಎಂದ. ಅಷ್ಟು ವರ್ಷ ಬಾಯಲ್ಲಿದ್ದ 'ಅತ್ತಿಗೆ', 'ನೀವು' ಎಲ್ಲ ಅಲ್ಲಿಗೆ ಉದುರಿಹೋಯಿತು. ನಾನು ರಬ್ಬರನ್ನು ಚರಂಡಿಗೆ ಎಸೆದೆ.

ಏಟು ಬಂದದ್ದೇ ಕಾಣಲಿಲ್ಲ. ಬಾಯಿ ತುಂಬ ಬಿಸಿ ನೆತ್ತರು, ಬೆನ್ನ ಕೆಳಗೆ ಜಲ್ಲಿಕಲ್ಲು. ಅವನು ನನ್ನ ಜುಟ್ಟು ಹಿಡಿದು ಎತ್ತಿದ. ಇಷ್ಟನ್ನು ಇವಳು ಪ್ರತಿ ಸೋಲಿಗೂ ತಿಂದಳಲ್ಲ ಎಂದು ಆಗಲೂ ನನಗೆ ತಂಗಿಯದೇ ಯೋಚನೆ. ಕೈಗೆ ಸಿಕ್ಕ ಉದ್ದನೆಯ ಸ್ಪ್ಯಾನರಿನಿಂದ ಅವನ ಮಂಡಿಗೆ ಬೀಸಿದೆ. ಟಕ್ ಎಂದು ಮಂಡಿಗೆ ಕಟ್ಟಿದ್ದ ಗಾರ್ಡಿನ ಸದ್ದಾಯಿತು, ಅವನು ಬೊಬ್ಬೆ ಹೊಡೆದ, ಜುಟ್ಟು ಬಿಡಲಿಲ್ಲ. ಇನ್ನೊಂದು ಏಟು ಹಾಕಿದೆ. ಆಗ ಅಪ್ಪ, ಜೀವಮಾನದಲ್ಲಿ ಯಾರಿಗೂ ಗಟ್ಟಿಯಾಗಿ ಬೈಯದ ಅಪ್ಪ, ತಲೆ ಬಗ್ಗಿಸಿಕೊಂಡು ಓಡಿಬಂದು ಅವನ ಹೊಟ್ಟೆಗೆ ಗುದ್ದಿದ. ಗೂಳಿ ಅಪ್ಪನನ್ನು ಕಾಲರು ಹಿಡಿದು ಬೈಕಿನ ಸ್ಟ್ಯಾಂಡಿನ ಮೇಲೆ ಒಗೆದ. ಅಪ್ಪನ ಹುಬ್ಬು ಸೀಳಿ ಮುಖವೆಲ್ಲ ಕೆಂಪಾಯಿತು. ಇಷ್ಟರಲ್ಲಿ ತಂಗಿ, "ಬೇಡ, ಅಪ್ಪನಿಗೆ ಬೇಡ" ಎಂದು ಕೈಮುಗಿಯುತ್ತ ನಡುವೆ ಬಂದಳು. ಅವಳನ್ನು ನೋಡಿದ್ದೇ ತಡ, ಅವನ ಮುಷ್ಟಿ ತನ್ನಷ್ಟಕ್ಕೆ ಎಡಗಿವಿಯ ಜಾಗ ಹುಡುಕಿಕೊಂಡು ಹೋಯಿತು. ಅವಳು ಸದ್ದಿಲ್ಲದೆ ಕುಸಿದಳು. ಬಿದ್ದು ಅಭ್ಯಾಸವಾದವರು ಬೀಳುವ ರೀತಿ ಅದು.

ಅಕ್ಕಪಕ್ಕದ ಟೆಂಟಿನವರು ಆಗ ಓಡಿಬಂದು ಅವನನ್ನು ಹಿಡಿದುಕೊಂಡರು. ರೇಸ್ ನಡೆಸುವ ದೊಡ್ಡ ಮನುಷ್ಯರೊಬ್ಬರು ಬಂದು ನಮ್ಮ ಮೂವರ ಮುಖ ನೋಡಿದರು. ನೋಡಿ ಹೇಳಿದ್ದೇನು? "ಮನೆ ಜಗಳ ಮನೇಲಿ ಇಟ್ಕೊಳ್ರಪ್ಪ, ರೇಸಿಗೆ ಹೊತ್ತಾಯ್ತು." ಅವರ ಅಂಗಿಗೆ ಇಸ್ತ್ರಿ ಚೆನ್ನಾಗಿತ್ತು. ನನ್ನ ಬಾಯಲ್ಲಿ ನೆತ್ತರಿದ್ದದ್ದು ಒಳ್ಳೆಯದೇ ಆಯಿತು, ಅದನ್ನು ಆ ಇಸ್ತ್ರಿಯ ಮೇಲೆ ಉಗಿದೆ.

ಗೂಳಿಗೆ ಸವಾರಿ ಬಿಡುವ ಮನಸ್ಸಿರಲಿಲ್ಲ. ಪಕ್ಕದ ಟೆಂಟಿನಿಂದ ರಬ್ಬರಿಲ್ಲದ ಗಟ್ಟಿ ಕ್ಲ್ಯಾಂಪು ಇಸಿದುಕೊಂಡು ಬಂದು ತಾನೇ ಬಿಗಿದುಕೊಂಡ. ಡ್ಯಾಂಪರಿದ್ದ ಜಾಗ ಖಾಲಿಯಾಗಿಯೇ ಉಳಿಯಿತು. ಅಪ್ಪ ಹುಬ್ಬಿಗೆ ಬಟ್ಟೆ ಒತ್ತಿಕೊಂಡು ಅವನ ಹಿಂದೆಯೇ ಹೋದ. "ಹೋಗ್ಬೇಡ. ಇಷ್ಟು ದಿನ ಮೆತ್ತಗಿನದಕ್ಕೆ ಬಿಗಿಹಿಡಿದು ಅಭ್ಯಾಸ ಆಗಿದೆ ನಿಂಗೆ. ಆ ಇಳಿಜಾರಲ್ಲಿ ಹ್ಯಾಂಡಲ್ ಹೊಡ್ಕೊಂಡ್ರೆ ಮಣಿಕಟ್ಟು ಉಳಿಯಲ್ಲ" ಎಂದ. ಹೊಡೆಸಿಕೊಂಡ ಮೇಲೂ ಕಸುಬಿನ ಮಾತು ಬಿಡದ ಮನುಷ್ಯ. "ನಿಮ್ಮ ರಬ್ಬರ್ ಇಲ್ದೇನೇ ಗೆದ್ದು ತೋರಿಸ್ತೀನಿ ನೋಡು" ಎಂದು ಗೂಳಿ ಕಿಕ್ ಹೊಡೆದ. ಅವನು ಬೀಳಲಿ ಎಂದು ನಾನು ಮನಸಾರೆ ಬಯಸಿದೆ. ಅದರಲ್ಲಿ ಮುಚ್ಚುಮರೆಯೇನೂ ಇಲ್ಲ.

ಅರ್ಧ ರೇಸಿನವರೆಗೆ ಅವನೇ ಮುಂದಿದ್ದ. ಗಟ್ಟಿ ಹ್ಯಾಂಡಲ್ಲು ಸಿಕ್ಕಿದ ಖುಷಿಗೆ ಹುಚ್ಚು ಹಿಡಿದವನಂತೆ ಓಡಿಸಿದ. ಆಮೇಲೆ ಆ ಇಳಿಜಾರು ಬಂತು. ಇಡೀ ದಿನದ ಚಕ್ರಗಳು ತೋಡಿಟ್ಟ ಗುಂಡಿಗಳು ಅಲ್ಲಿ ಸಾಲಾಗಿದ್ದವು. ಮುಂದಿನ ಚಕ್ರ ಓರೆಯಾಗಿ ಒಂದರ ಅಂಚಿಗೆ ಬಡಿಯಿತು, ಹ್ಯಾಂಡಲ್ಲು ಎಡಕ್ಕೆ ಸೆಳೆಯಿತು, ಬಲಕ್ಕೆ ಸೆಳೆಯಿತು, ಮತ್ತೆ ಎಡಕ್ಕೆ, ಕಣ್ಣಿಗೆ ಹಿಡಿಯದಷ್ಟು ಜೋರಾಗಿ. ಬೇರೆ ಯಾರಾದರೂ ಆಗಿದ್ದರೆ ಕೈ ಬಿಟ್ಟು ಹಾರಿಕೊಳ್ಳುತ್ತಿದ್ದರು. ಇವನು ಬಿಡಲಿಲ್ಲ, ಹಿಡಿದೇ ಇದ್ದ. ಮಣಿಕಟ್ಟುಗಳು ಮೊದಲು ಮುರಿದವು. ಆಮೇಲೆ ಅವನು ಹ್ಯಾಂಡಲ್ಲಿನ ಮೇಲಿಂದ ಮುಂದಕ್ಕೆ ಹಾರಿದ, ಬೈಕು ಅವನ ಹಿಂದೆಯೇ ಉರುಳಿಬಂದು ಬೆನ್ನಿಗೆ ಬಡಿಯಿತು, ಹಿಂದಿನಿಂದ ಬಂದವನ ಚಕ್ರ ಚಾಚಿದ್ದ ಕೈಯ ಮೇಲೆ ಹಾಯ್ದುಹೋಯಿತು. ಅವನ ಕೂಗು ಮೈಕಿನ ಗದ್ದಲದ ಮೇಲೂ ಕೇಳಿಸಿತು. ತಂಗಿ ಅವನ ಕಡೆಗೆ ಓಡಲು ಹೊರಟಳು. ನಾನು ಅವಳನ್ನು ಸೊಂಟಕ್ಕೆ ಕೈಹಾಕಿ ಹಿಡಿದುಕೊಂಡೆ. ಅವಳು ನನ್ನ ಕೈ ಕಚ್ಚಿದಳು, ನಾನು ಬಿಡಲಿಲ್ಲ.

ತಂಗಿಯನ್ನು ನಮ್ಮ ಮನೆಗೇ ಕರೆತಂದೆವು. ಮರುದಿನ ಬೆಳಿಗ್ಗೆ ಬೀಗಿತಿಯ ಫೋನು ಬಂತು. ಗೂಳಿಯ ತಾಯಿ ಮೆತ್ತನೆಯ ದನಿಯ ಹೆಂಗಸು, ಎತ್ತರದ ಮಾತೇ ಗೊತ್ತಿಲ್ಲ.

"ಎರಡೂ ಕೈಗೆ ಮೊಣಕೈವರೆಗೆ ಪ್ಲಾಸ್ಟರ್ ಹಾಕಿದಾರಮ್ಮ. ತುತ್ತು ಎತ್ತೋಕೂ ಆಗಲ್ಲ. ಆಗಿದ್ದು ಆಗಿಹೋಯ್ತು. ಈಗ ಅವನು ಕೈ ಎತ್ತೋ ಹಾಗೇ ಇಲ್ಲ, ಇನ್ನೇನು ಭಯ? ಅವಳನ್ನ ಕಳಿಸಿಕೊಡಿ."

"ಯಾರೂ ಬರಲ್ಲ" ಎಂದು ನಾನು ಫೋನಿಡುವಷ್ಟರಲ್ಲಿ ತಂಗಿ ಬಟ್ಟೆಯ ಚೀಲ ಹಿಡಿದು ನಿಂತಿದ್ದಳು. ಸ್ಪೀಕರಿನಲ್ಲಿ ಬಂದದ್ದನ್ನೆಲ್ಲ ಕೇಳುವ ಒಂದು ಕಿವಿಯಲ್ಲಿ ಕೇಳಿಸಿಕೊಂಡಿದ್ದಳು.

"ಹೋಗ್ತೀನಿ ಅಕ್ಕಾ. ಅನ್ನ ತಿನ್ನೋಕೂ ಆಗ್ದೇ ಇರೋರನ್ನ ಹಂಗೇ ಬಿಡೋಕಾಗತ್ತಾ? ಈಗ ಅವರ ಕೈಯಲ್ಲಿ ಏನೂ ಆಗಲ್ಲ."

ಅಪ್ಪ ಹುಬ್ಬಿನ ಹೊಲಿಗೆ ಮುಟ್ಟಿಕೊಳ್ಳುತ್ತ, "ಕೈ ಹೋದ್ಮೇಲಾದ್ರೂ ಬುದ್ಧಿ ಬಂದಿರಬಹುದು" ಎಂದ. ನನಗೆ ಅಪ್ಪನ ಮೇಲೂ ಸಿಟ್ಟು ಬಂತು, ಅವಳ ಮೇಲೂ ಬಂತು. ಇವತ್ತು ಹೋದರೆ ಇವಳು ಮತ್ತೆ ಬರುವುದಿಲ್ಲ. ಪ್ಲಾಸ್ಟರು ಒಂದು ದಿನ ಬಿಚ್ಚುತ್ತಾರೆ, ಆಮೇಲೆ ಯಾವತ್ತೋ ಇವಳನ್ನು ಹೊತ್ತುಕೊಂಡು ಬರಬೇಕಾಗುತ್ತದೆ. ಬಾಗಿಲಿಗೆ ಅಡ್ಡ ನಿಂತೆ, ಬೈದೆ, ಕಾಲಿಗೆ ಬೀಳುತ್ತೇನೆ ಎಂದೆ. ಅವಳು ಯಾವುದಕ್ಕೂ ಸೊಪ್ಪು ಹಾಕಲಿಲ್ಲ. ಕೊನೆಗೆ ವ್ಯಾನು ತೆಗೆದು ನಾನೇ ಕರೆದುಕೊಂಡು ಹೋದೆ.

ಆಸ್ಪತ್ರೆಯ ಕೋಣೆಯಲ್ಲಿ ಒಂದೇ ಮಂಚ. ಗೂಳಿಯ ಎರಡೂ ಕೈಯನ್ನು ದಿಂಬುಗಳ ಮೇಲೆ ಎತ್ತಿಟ್ಟಿದ್ದರು. ಮುಖ ಬಿಳಿಚಿಕೊಂಡಿತ್ತು. ನಿಜ ಹೇಳಬೇಕೆಂದರೆ ನೋಡಿದವರಿಗೆ ಅಯ್ಯೋ ಎನ್ನಿಸುವ ಹಾಗೇ ಇದ್ದ. ಬೀಗಿತಿ ಅವನ ತಲೆಯ ಪಕ್ಕದ ಕುರ್ಚಿಯಿಂದಲೇ, "ಬಾಮ್ಮ, ಬಾ" ಎಂದು ಸೂಪಿನ ಬಟ್ಟಲು ಕೊಟ್ಟು, ಮಂಚದ ನಡುಭಾಗಕ್ಕೆ ಹಾಕಿದ್ದ ಸ್ಟೂಲು ತೋರಿಸಿದರು. ತಂಗಿ ಕೂತಳು. ನಾನು ಬಾಗಿಲಲ್ಲೇ ನಿಂತೆ.

ಅವಳು ಒಂದು ಚಮಚ ಊದಿ ಆರಿಸಿ ಅವನ ಬಾಯಿಗೆ ಹಿಡಿದಳು. ಅವನು ಕುಡಿದ. ಇನ್ನೊಂದು ಚಮಚವನ್ನೂ ಕುಡಿದ. ಅವಳ ಮುಖ ಸಡಿಲವಾಗುತ್ತ ಬಂತು. ನನ್ನ ತಂಗಿ ಕೈತಪ್ಪಿಹೋದಳು ಎಂದು ನಾನು ಅಂದುಕೊಂಡದ್ದು ಆಗಲೇ.

"ಯಾರು ಗೆದ್ದಿದ್ದು?" ಎಂದು ಅವನು ಕೇಳಿದ.

"ಗೊತ್ತಿಲ್ಲ. ನಾವು ಬೇಗ ಹೊರಟ್ವಿ."

"ನಾವು ಅಂದ್ರೆ?"

ಅವಳು ನನ್ನ ಕಡೆ ನೋಡಿದಳು. ಹೊದಿಕೆ ಹಾರಿತು. ಅವನ ಹಿಮ್ಮಡಿ ಅವಳ ಹೊಟ್ಟೆಗೆ ಬಿತ್ತು. ಸ್ಟೂಲು ಒಂದು ಕಡೆ, ಬಟ್ಟಲು ಒಂದು ಕಡೆ, ಅವಳು ಗೋಡೆಗೆ. ನಾನು ಒಳಗೆ ನುಗ್ಗುವಷ್ಟರಲ್ಲಿ ಇನ್ನೊಂದು ಒದೆತಕ್ಕೆ ಅವನು ಕಾಲೆತ್ತಿದ್ದ, ಅದು ಗಾಳಿಗೆ ಹೋಯಿತು. ಅವನು ಬಾಯಿಗೆ ಬಂದಂತೆ ಬೈಯುತ್ತಿದ್ದ.

ತಂಗಿ ಗೋಡೆ ಹಿಡಿದು ಎದ್ದಳು. ಉಸಿರು ಸಿಗುತ್ತಿರಲಿಲ್ಲ. ಅವಳು ಅವನನ್ನು ನೋಡುತ್ತಿರಲಿಲ್ಲ, ತನ್ನ ಸ್ಟೂಲು ಇದ್ದ ಜಾಗ ನೋಡಿದಳು. ಆಮೇಲೆ ಅತ್ತೆಯ ಕುರ್ಚಿ ನೋಡಿದಳು. ಕುರ್ಚಿ ಮಂಚದ ತಲೆಯ ಕಡೆ, ಗೋಡೆಗೆ ಒತ್ತಿಕೊಂಡಿತ್ತು. ಅಲ್ಲಿಗೆ ಯಾವ ಕಾಲೂ ಎಟುಕುವುದಿಲ್ಲ. ಬೀಗಿತಿ ತಲೆ ತಗ್ಗಿಸಿದರು.

"ಅತ್ತೇ" ಎಂದಳು ತಂಗಿ. "ನಿಮಗೆ ಗೊತ್ತಿತ್ತು."

ಬೀಗಿತಿ ಸೆರಗಿನ ತುದಿಯನ್ನು ಸುತ್ತುತ್ತ ಕೂತಿದ್ದರು.

ನಾನು ತಂಗಿಯ ತೋಳು ಹಿಡಿದೆ. ಅವಳು ಬಿಡಿಸಿಕೊಂಡಳು. ಮಂಚವನ್ನು ದೂರದಿಂದ ಬಳಸಿಕೊಂಡು ಹೋಗಿ, ಅತ್ತೆಯ ಮುಂದೆ ಕೈ ಚಾಚಿ ನಿಂತಳು.

"ನೀವೂ ಎದ್ದು ಬನ್ನಿ ಅತ್ತೆ. ಕೆಳಗೆ ವ್ಯಾನಿದೆ."

ಬೀಗಿತಿ ಆ ಕೈಯನ್ನು ನೋಡಿದರು, ಬಾಗಿಲನ್ನು ನೋಡಿದರು. ಅವರ ಪಾದಗಳು ಚಪ್ಪಲಿ ಹುಡುಕಿದ್ದನ್ನು ನಾನು ಕಂಡೆ. "ಅಮ್ಮಾ!" ಎಂದು ಗೂಳಿ ಗದರಿದ. ಪಾದಗಳು ನಿಂತವು. ಬೀಗಿತಿ ಬಗ್ಗಿ ನೆಲದ ಮೇಲಿನ ಬಟ್ಟಲು, ಚಮಚ ಎತ್ತಿಕೊಂಡು ಸೆರಗಿನಲ್ಲಿ ಒರೆಸಿದರು. ತಂಗಿಯ ಕೈ ಇನ್ನೂ ಸ್ವಲ್ಪ ಹೊತ್ತು ಹಾಗೇ ಚಾಚಿತ್ತು. ಆಮೇಲೆ ಅವಳು ತನ್ನ ಬಟ್ಟೆಯ ಚೀಲ ತೆಗೆದುಕೊಂಡು, "ನಡಿ ಅಕ್ಕಾ" ಎಂದು ನನಗಿಂತ ಮುಂದೆ ಹೊರಗೆ ನಡೆದಳು.

ಮೆಟ್ಟಿಲಿಳಿಯುವಾಗ ನಾನು ಒಮ್ಮೆ ಹಿಂದಿರುಗಿ ನೋಡಿದೆ. ಬಾಗಿಲು ತೆರೆದೇ ಇತ್ತು. ಆ ತಾಯಿ ಕುರ್ಚಿಯನ್ನು ಗೋಡೆಗೆ ಇನ್ನಷ್ಟು ಒತ್ತಿಕೊಂಡು, ಕೈಯನ್ನು ಮಾತ್ರ ಉದ್ದಕ್ಕೆ ಚಾಚಿ, "ಬಾಯಿ ತೆಗಿ ಮಗಾ" ಎನ್ನುತ್ತಿದ್ದರು.